ದನದ ಡಾಕ್ಟರ ತೋಳಿಗೊಂದು ಸೂಜಿ

ನಾನು ಕೆಲಸದಲ್ಲಿದ್ದಷ್ಟು ಕಾಲವೂ ಮಾಡಿದ್ದು ದನಗಳಿಗೆ ಸೂಜಿ ಚುಚ್ಚುವ ಕೆಲಸ. ಪಶು ಆಸ್ಪತ್ರೆಯಲ್ಲಿ ನಾನು ಡಾಕ್ಟರೇನೂ ಆಗಿರಲಿಲ್ಲ, ಡಾಕ್ಟರ ಕೈಕೆಳಗಿನ ನೌಕರ. ಆದರೆ ಅರಕಲಗೂಡಿನಿಂದ ಕೊಣನೂರಿನ ತನಕ ಯಾವ ಹಳ್ಳಿಗೆ ಹೋದರೂ ಜನ ನನ್ನನ್ನು ಕರೆಯುತ್ತಿದ್ದದ್ದು ದನದ ಡಾಕ್ಟ್ರು ಎಂದೇ. ಕೇಳಲು ಹಿತವಾಗಿದ್ದುದರಿಂದ ನಾನೂ ತಿದ್ದಲು ಹೋಗಲಿಲ್ಲ. ಹೆಗಲಿಗೆ ಐಸು ತುಂಬಿದ ಡಬ್ಬ, ಕೈಯಲ್ಲಿ ಸಿರಿಂಜು, ಬಾಯಲ್ಲಿ ಭಾಷಣ, ಇಷ್ಟು ನನ್ನ ವೇಷ. ನಿವೃತ್ತಿಯಾದಾಗ ಡಬ್ಬವನ್ನೂ ಸಿರಿಂಜನ್ನೂ ಇಲಾಖೆಗೆ ಒಪ್ಪಿಸಿ ಬಂದೆ. ಭಾಷಣವನ್ನು ಯಾರೂ ವಾಪಸು ಕೇಳಲಿಲ್ಲ.

ಆ ಭಾಷಣ ಹುಟ್ಟಿದ್ದಕ್ಕೆ ಕಾರಣವಿದೆ. ಕಾಲುಬಾಯಿ ಜ್ವರದ ಲಸಿಕೆ ಹಾಕುವ ದಿನ ನಾವು ಊರಿಗೆ ಹೋದರೆ ಊರಿನಲ್ಲಿ ದನಗಳೇ ಇರುತ್ತಿರಲಿಲ್ಲ. ಬೆಳಗಿನ ಜಾವಕ್ಕೇ ಅವನ್ನು ಹೊಡೆದುಕೊಂಡು ಹೋಗಿ ಕಬ್ಬಿನ ಗದ್ದೆಯೊಳಗೆ ಕಟ್ಟಿ ಬಂದಿರುತ್ತಿದ್ದರು. ಕೈಗೆ ಸಿಕ್ಕ ಹಸುವಿಗೂ ಏನಾದರೊಂದು ನೆಪ. ಹಾಲು ಬತ್ತುತ್ತದೆ, ಗಬ್ಬದ ಹಸು, ಇವತ್ತು ಮಂಗಳವಾರ, ಯಜಮಾನರು ಊರಲ್ಲಿಲ್ಲ. ನಾನು ಜಗಲಿಯ ಮೇಲೆ ನಿಂತು, ರೋಗ ಬರುವಾಗ ಪಂಚಾಂಗ ನೋಡಿ ಬರುತ್ತದೆಯೇ ಎಂದು ಶುರು ಮಾಡಿದರೆ ನಿಲ್ಲಿಸುವುದು ಕಷ್ಟವಿತ್ತು. ಭಾಷಣ ನಡೆಯದ ಊರಿನಲ್ಲಿ ಇನ್ನೊಂದು ಉಪಾಯ ಇತ್ತು. ಮೊದಲು ಪಟೇಲರ ಕೊಟ್ಟಿಗೆಗೆ ಹೋಗಿ ಎಲ್ಲರ ಕಣ್ಣೆದುರಿಗೆ ಅವರ ಹಸುವಿಗೆ ಚುಚ್ಚಿಬಿಡುವುದು. ಮಧ್ಯಾಹ್ನದ ಹೊತ್ತಿಗೆ ಕಬ್ಬಿನ ಗದ್ದೆಯಿಂದ ದನಗಳು ಒಂದೊಂದಾಗಿ ಹೊರಗೆ ಬರುತ್ತಿದ್ದವು.

ಇಷ್ಟೆಲ್ಲ ಮಾಡಿದ ಮನುಷ್ಯನಿಗೆ ತನ್ನ ಮೈಗೆ ಸೂಜಿ ಎಂದರೆ ಕೈಕಾಲು ತಣ್ಣಗಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ನನ್ನ ಹೆಂಡತಿಗೆ ಗೊತ್ತಿತ್ತು. ಅವಳು ಅದನ್ನು ಬಹಳ ವರ್ಷ ಮರ್ಯಾದೆಯಿಂದ ಗುಟ್ಟಾಗಿ ಇಟ್ಟುಕೊಂಡಿದ್ದಳು.

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಎದೆ ಹಿಡಿದುಕೊಂಡಿತು. ಗ್ಯಾಸು ಎಂದು ನಾನೇ ತೀರ್ಮಾನ ಮಾಡಿ, ಜೀರಿಗೆ ಕಷಾಯ ಕಾಯಿಸು ಎಂದೆ. ಹೆಂಡತಿ ನನ್ನ ಹಣೆಯ ಬೆವರು ನೋಡಿ, ಕಷಾಯಕ್ಕೆ ನೀರಿಡುವ ಬದಲು ಪಕ್ಕದ ಮನೆಯವರ ಕಾರು ಹೊರಡಿಸಿದಳು. ಹಾಸನದ ಆಸ್ಪತ್ರೆ ಮುಟ್ಟುವ ತನಕ ನಾನು ಗ್ಯಾಸು ಗ್ಯಾಸು ಎನ್ನುತ್ತಲೇ ಇದ್ದೆನಂತೆ. ಅದು ಹಾರ್ಟ್ ಅಟ್ಯಾಕ್. ಸ್ಟೆಂಟ್ ಹಾಕಿದರು. ಅಲ್ಲಿ ಮೈಯೆಲ್ಲ ಚುಚ್ಚಿದರು, ಒಂದೂ ಗೊತ್ತಾಗಲಿಲ್ಲ. ಪ್ರಾಣ ಹೋಗುವ ಭಯದ ಮುಂದೆ ಸೂಜಿಯ ಭಯ ಬಾಯಿ ಮುಚ್ಚಿಕೊಂಡು ಕೂತಿತ್ತು.

ಮನೆಗೆ ಬಂದ ಮೇಲೆ ಹೊಳೆನರಸೀಪುರದಿಂದ ಅಕ್ಕ ಬಂದಳು. ಅಕ್ಕ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಅಮ್ಮ ತೀರಿಕೊಂಡಾಗ ನಾನಿನ್ನೂ ಸರಿಯಾಗಿ ಅನ್ನ ಕಲಸಿಕೊಂಡು ತಿನ್ನಲು ಬಾರದವನು, ಬೆಳೆಸಿದ್ದು ಅವಳೇ. ಅವಳ ಗಂಡನ ಮನೆಯವರದು ತೆಂಗಿನಕಾಯಿ ವ್ಯಾಪಾರ, ಮಗ ಸೊಸೆ ಮೊಮ್ಮಕ್ಕಳಿರುವ ದೊಡ್ಡ ಸಂಸಾರ. ಅದನ್ನೆಲ್ಲ ಬಿಟ್ಟು ತಿಂಗಳುಗಟ್ಟಲೆ ನಮ್ಮ ಮನೆಯಲ್ಲಿದ್ದು, ಉಪ್ಪಿಲ್ಲದ ಸಾರು ಮಾಡಿ, ನಾನು ಮುಖ ಸಿಂಡರಿಸಿದರೆ ಅದನ್ನೇ ಇನ್ನೊಂದು ಸೌಟು ಬಡಿಸುತ್ತಿದ್ದಳು. ವಾಪಸು ಹೋದ ಮೇಲೂ ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ ಬಸ್ಸು ಹತ್ತಿ ಬಂದು ನನ್ನ ಬಣ್ಣ ನೋಡಿಕೊಂಡು ಹೋಗುತ್ತಿದ್ದಳು.

ಮುಂಗಾರು ಶುರುವಾಗುವ ಹೊತ್ತಿಗೆ ಹಾಸನಕ್ಕೆ ಚೆಕಪ್ಪಿಗೆ ಹೋದೆ. ಇಸಿಜಿ, ಎಕೋ ನೋಡಿ ಹೃದಯದ ಡಾಕ್ಟರು ಸಮಾಧಾನದಿಂದ ತಲೆಯಾಡಿಸಿದರು. ಆಮೇಲೆ, ನೀವು ಫ್ಲೂ ಲಸಿಕೆ ತೆಗೆದುಕೊಳ್ಳಬೇಕು ಎಂದರು. ಉಳಿದವರಿಗೆ ಫ್ಲೂ ಎಂದರೆ ಒಂದು ವಾರದ ಜ್ವರ, ನೆಗಡಿ, ಮೈಕೈ ನೋವು. ಒಮ್ಮೆ ಪೆಟ್ಟು ತಿಂದ ಹೃದಯಕ್ಕೆ ಹಾಗಲ್ಲ, ಆ ಜ್ವರದ ಭಾರವೇ ಇನ್ನೊಂದು ಅಟ್ಯಾಕಿಗೆ ದಾರಿಯಾಗಬಹುದು. ಅದಕ್ಕೇ ವರ್ಷಕ್ಕೊಂದು ಸಲ, ಮಳೆ ಜೋರಾಗುವ ಮುಂಚೆ ಹಾಕಿಸಿಕೊಂಡುಬಿಡಿ, ಅಂದರು.

ನಾನು ಎಲ್ಲ ಗೊತ್ತಿರುವವನಂತೆ ತಲೆದೂಗಿದೆ. ಅಷ್ಟಕ್ಕೇ ಸುಮ್ಮನಿರಬಾರದಿತ್ತೇ? ದನಗಳಿಗೂ ಹೀಗೇ ಸಾರ್, ಪ್ರತಿ ವರ್ಷ ಹಾಕಲೇಬೇಕು, ಜನಕ್ಕೆ ತಿಳುವಳಿಕೆ ಕಡಿಮೆ ಎಂದು ನನ್ನ ಭಾಷಣದ ನಾಲ್ಕು ಸಾಲನ್ನು ಅವರಿಗೇ ಒಪ್ಪಿಸಿದೆ. ಡಾಕ್ಟರಿಗೆ ಬಹಳ ಸಂತೋಷವಾಯಿತು. ನಿಮಗೆ ಹೇಳುವುದೇ ಬೇಡ ಹಾಗಾದರೆ ಎಂದು ಗಂಟೆ ಒತ್ತಿದರು. ನರ್ಸು ತಟ್ಟೆ ಹಿಡಿದುಕೊಂಡು ಒಳಗೆ ಬಂದಳು. ತಟ್ಟೆಯಲ್ಲಿದ್ದ ಸೂಜಿ ನಾನು ಹಸುಗಳಿಗೆ ಬಳಸುತ್ತಿದ್ದ ಸೂಜಿಯ ಕಾಲು ಭಾಗದಷ್ಟೂ ಇರಲಿಲ್ಲ. ಆದರೂ ನನಗೆ ತಟ್ಟನೆ ನೆನಪಾಯಿತು, ಚನ್ನರಾಯಪಟ್ಟಣದಲ್ಲಿ ನೆಂಟರ ಮನೆಯ ಗೃಹಪ್ರವೇಶ. ಇವತ್ತೇ. ತೋಳು ನೋವಾದರೆ ಎಲೆಯ ಮುಂದೆ ಕೂತು ಊಟ ಮಾಡುವುದು ಹೇಗೆ ಸಾರ್, ಮುಂದಿನ ವಾರ ಬರುತ್ತೇನೆ ಎಂದೆ. ಎಡತೋಳಿಗೆ ಹಾಕುತ್ತೇವೆ, ಊಟ ಬಲಗೈಯಲ್ಲಲ್ಲವೇ ಎಂದು ನರ್ಸು ಕೇಳುವಷ್ಟರಲ್ಲಿ ನಾನು ಬಾಗಿಲ ಹತ್ತಿರ ಇದ್ದೆ.

ಗೃಹಪ್ರವೇಶ ಇದ್ದದ್ದು ನಿಜ, ಹೋಗುವ ಮನಸ್ಸು ಇರಲಿಲ್ಲ. ಬಾಯಿಂದ ಬಂದ ಮೇಲೆ ಹೋಗಲೇಬೇಕಾಯಿತು. ಹಾಸನದಲ್ಲಿ ಬಸ್ಸು ಹತ್ತಿ ಕೂತರೆ ಪಕ್ಕದಲ್ಲಿ ಒಬ್ಬರು, ಕಿವಿಗೆ ಮಫ್ಲರು ಸುತ್ತಿಕೊಂಡವರು, ಬಸ್ಸು ಹೊರಟಾಗಿನಿಂದ ಕೆಮ್ಮು. ಡಾಕ್ಟರು ಹೇಳಿದ ಒಂದೊಂದು ಮಾತೂ ನನ್ನ ಕಿವಿಯಲ್ಲಿ ಹೊಸದಾಗಿ ಕೇಳಿಸತೊಡಗಿತು. ಅವರು ಕೆಮ್ಮಿದಾಗಲೆಲ್ಲ ನಾನು ಉಸಿರು ಬಿಗಿಹಿಡಿದೆ. ಶಾಂತಿಗ್ರಾಮ ಬರುವಷ್ಟರಲ್ಲಿ ನನಗೇ ಏದುಸಿರು ಬಂದು, ಆ ಕೆಮ್ಮುತ್ತಿದ್ದವರು ಕನಿಕರದಿಂದ ತಮ್ಮ ಬಾಟಲಿಯ ನೀರನ್ನು ನನ್ನ ಮುಂದೆ ಹಿಡಿದರು. ಕುಡಿದರೂ ಕಷ್ಟ, ಬೇಡವೆಂದರೂ ಕಷ್ಟ. ಮುಂದಿನ ಸ್ಟಾಪಿನಲ್ಲಿ ಇಳಿಯಬೇಕು ಎಂದು ಎದ್ದು, ಚನ್ನರಾಯಪಟ್ಟಣದ ತನಕ ಬಾಗಿಲ ಹತ್ತಿರ ನಿಂತೇ ಹೋದೆ.

ಮನೆಗೆ ಬಂದು ಹೆಂಡತಿಗೆ ವಿಷಯ ಹೇಳಿದೆ. ಅರಕಲಗೂಡಿನಲ್ಲೇ ಹಾಕಿಸಿಕೊಂಡುಬಿಡಿ, ಹಾಸನಕ್ಕೆ ಯಾಕೆ ಕಾಯಬೇಕು ಎಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಹಾಗಾಗಿ ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರು ನೋಡಿದೆ. ಅಷ್ಟರಲ್ಲಿ ಆಷಾಢ ಬಂದಿತ್ತು. ಆಷಾಢದಲ್ಲಿ ಹೊಸದಾಗಿ ಏನನ್ನೂ ಶುರು ಮಾಡಬಾರದು ಎಂದೆ. ಮದುವೆಗೆ ಲಗ್ನ ಕೂಡಿಸುವುದಿಲ್ಲ ಅಂದರೆ ಸೂಜಿಗೂ ಕೂಡಿಸುವುದಿಲ್ಲವಾ ಎಂದು ಅವಳು ನಕ್ಕಳು. ಮದುವೆಯಾದಾಗಿನಿಂದ ನಾನು ಆಷಾಢವನ್ನು ಲೆಕ್ಕಕ್ಕೆ ಹಿಡಿದದ್ದು ಅದೇ ಮೊದಲು.

ಅದೇ ತಿಂಗಳು ಕೊಣನೂರಿನ ಕಡೆಯ ಹಳೇ ಪರಿಚಯದ ರೈತರೊಬ್ಬರು ಮನೆಗೆ ಬಂದರು. ಸಂತೆಗೆ ಬಂದವರು ಒಂದು ಮಾತು ಕೇಳಿಕೊಂಡು ಹೋಗೋಣವೆಂದು ಬಂದಿದ್ದರು. ಅವರ ಊರಿಗೆ ಕಾಲುಬಾಯಿ ಜ್ವರದ ಲಸಿಕೆಯವರು ಬರುತ್ತಾರಂತೆ. ಮನೆಯಲ್ಲಿ ಹಾಲು ಕರೆಯುವ ಹಸುವಿದೆ, ಡೈರಿಗೆ ಹಾಕುವ ಹಾಲು, ಸೂಜಿ ಹಾಕಿಸಿದರೆ ಕಮ್ಮಿಯಾಗುವುದಿಲ್ಲವೇ ಎಂಬುದು ಅವರ ಅನುಮಾನ. ನನಗೆ ಬಹಳ ದಿನಕ್ಕೆ ಒಬ್ಬ ಕೇಳುಗ ಸಿಕ್ಕಿದ್ದ. ಹಾಲು ಒಂದೆರಡು ದಿನ ಒಂದಿಷ್ಟು ಇಳಿದರೆ ಇಳಿಯಲಿ, ರೋಗ ಬಂದರೆ ಹಸುವೇ ಹೋಗುತ್ತದಲ್ಲ, ಆಗ ಏನನ್ನು ಕರೆಯುತ್ತೀರಿ ಎಂದು ಶುರು ಮಾಡಿ, ರೋಗ ಪಂಚಾಂಗ ನೋಡಿ ಬರುವುದಿಲ್ಲ ಎನ್ನುವಲ್ಲಿಗೆ ಬಂದು ಮುಟ್ಟಿದೆ. ಆಗ ಹೆಂಡತಿ ಕಾಫಿ ತಂದಳು. ಲೋಟ ಕೊಡುತ್ತ, ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದ ಗುಟ್ಟನ್ನು ಬಿಟ್ಟುಕೊಟ್ಟಳು.

"ಇವ್ರ ಮಾತು ಕೇಳ್ಬ್ಯಾಡಿ ಯಜಮಾನ್ರೆ. ಆರ್ಟ್ ಡಾಕ್ಟ್ರು ಸೂಜಿ ಆಕಿಸ್ಕಳಿ ಅಂತ ಯೋಳಿ ತಿಂಗ್ಳಾಯ್ತು. ಇನ್ನೂ ಒಳ್ಳೆ ಗಳಿಗೆ ನೋಡ್ತಾವ್ರೆ."

ಆ ರೈತರು ಕಾಫಿಯನ್ನು ಕೆಳಗಿಟ್ಟು, ನನ್ನನ್ನು ಮೇಲಿನಿಂದ ಕೆಳಗಿನ ತನಕ, ದನದ ಜಾತ್ರೆಯಲ್ಲಿ ಹೋರಿ ನೋಡುವ ಹಾಗೆ ನೋಡಿದರು.

"ಅಂಗಾರೆ ಪಟೇಲ್ರ ಅಸ ಈಗ ನೀವೇ ಕಣ್ ಸಾ. ಮೊದ್ಲು ನಿಮ್ಗೆ ಆಗ್ಲಿ, ಆಮ್ಯಾಕೆ ನಮ್ಮ ಅಸೀನ ಕಬ್ಬಿನ ಗದ್ದೆಯಿಂದ ಈಚ್ಗೆ ತತ್ತೀನಿ."

ಅವರು ಸುಮ್ಮನೆ ನಗುವುದಕ್ಕೆ ಹೇಳಿದ್ದು. ಆದರೆ ಸಂತೆಯಲ್ಲಿ ಮಾತು ನಿಲ್ಲುತ್ತದೆಯೇ? ಮುಂದಿನ ವಾರ ನಾನು ಸೊಪ್ಪು ತರಲು ಹೋದರೆ ಸೊಪ್ಪಿನವಳು, ಆಕಿಸ್ಕಂಡ್ರಾ ಸಾ ಎಂದು ವಿಚಾರಿಸಿದಳು. ಕೊಣನೂರು ಬಸ್ಸಿನ ಕಂಡಕ್ಟರು ಟಿಕೆಟ್ಟು ಹರಿಯುತ್ತ ನನ್ನ ತೋಳಿನ ಕಡೆ ನೋಡಿ ಹುಬ್ಬು ಹಾರಿಸಿದರು. ಒಂದು ಕಾಲಕ್ಕೆ ನಾನು ಯಾರ ಯಾರ ಹಸುವನ್ನು ಹುಡುಕಿಸಿ ಎಳೆದು ತರಿಸಿದ್ದೆನೋ ಅವರೆಲ್ಲ ಈಗ ನನ್ನ ಆರೋಗ್ಯದಲ್ಲಿ ಆಸಕ್ತಿ ತೋರಿಸತೊಡಗಿದರು. ನಾನು ಸಂತೆಗೆ ಹೋಗುವುದನ್ನೇ ಬಿಟ್ಟೆ. ಹೆಂಡತಿ ಕೇಳಿದ್ದಕ್ಕೆ, ಗುಂಪಿನಲ್ಲಿ ಹೋಗಬಾರದು, ಫ್ಲೂ ಹಿಡಿಯುತ್ತದೆ ಎಂದೆ.

ಆಷಾಢ ಕಳೆದು ಶ್ರಾವಣ ಬಂತು. ಈ ಸಲ ನನ್ನ ಹತ್ತಿರ ಗಟ್ಟಿ ಕಾರಣವಿತ್ತು. ಕೋಳಿಗಳಿಗೆ ಹಾಕುವ ಲಸಿಕೆಯನ್ನು ಮೊಟ್ಟೆಯಲ್ಲಿ ಬೆಳೆಸುತ್ತಾರೆ ಎಂದು ಇಲಾಖೆಯ ತರಬೇತಿಯಲ್ಲಿ ಕಲಿತಿದ್ದೆ. ಫ್ಲೂ ಲಸಿಕೆಯನ್ನೂ ಎಷ್ಟೋ ಕಡೆ ಹಾಗೇ ಮಾಡುತ್ತಾರೆಂದು ಎಲ್ಲೋ ಓದಿದ್ದೆ. ನಮ್ಮ ಮನೆಯಲ್ಲಿ ಶ್ರಾವಣ ಪೂರ್ತಿ ಮಾಂಸವಿಲ್ಲ, ಮೊಟ್ಟೆಯಿಲ್ಲ. ಬಾಯಿಗೆ ಹಾಕದ್ದನ್ನು ಮೈಗೆ ಹಾಕಿಸಿಕೊಳ್ಳುವುದು ಹೇಗೆ? ಹೆಂಡತಿ ನನ್ನ ಅಂಗಿಯ ಕಡೆ ನೋಡಿದಳು. ಹಿಂದಿನ ವರ್ಷ ಶ್ರಾವಣದಲ್ಲೇ ನಾನು ಹಾಸನದ ಗಾಡಿಯೊಂದರಲ್ಲಿ ಆಮ್ಲೆಟ್ ತಿಂದು ಬಂದದ್ದು ಅವಳಿಗೆ ಅಂಗಿಯ ವಾಸನೆಯಿಂದಲೇ ತಿಳಿದಿತ್ತು. ಅವಳ ನೋಟ ಅಲ್ಲಿಗೆ ಹೋಗುತ್ತಿರುವುದು ಗೊತ್ತಾಗಿ ನಾನು ಅಕ್ಕನನ್ನು ಮುಂದೆ ತಂದೆ. ಅಕ್ಕ ಶ್ರಾವಣದ ಶನಿವಾರಗಳಲ್ಲಿ ಒಂದೇ ಹೊತ್ತು ಊಟ ಮಾಡುವವಳು, ಮೊಟ್ಟೆ ಬೇಯಿಸಿದ ಪಾತ್ರೆಯನ್ನು ಆ ತಿಂಗಳು ಅಡುಗೆಮನೆಗೇ ಸೇರಿಸದವಳು. ಅವಳಿಗೆ ಗೊತ್ತಾದರೆ ನಮ್ಮ ಮನೆಯ ನೀರು ಮುಟ್ಟುತ್ತಾಳಾ ಎಂದೆ. ಅಕ್ಕನ ಹೆಸರು ಬಂದರೆ ನನ್ನ ಹೆಂಡತಿ ವಾದ ಮಾಡುವುದಿಲ್ಲ. ಅದು ನನಗೆ ಗೊತ್ತಿದ್ದೇ ಹೇಳಿದ್ದು.

ಹೀಗೆ ಸೂಜಿಯಿಂದ ತಪ್ಪಿಸಿಕೊಂಡವನು ಫ್ಲೂವಿನಿಂದಲೂ ತಪ್ಪಿಸಿಕೊಳ್ಳಬೇಕಲ್ಲ. ಅದಕ್ಕೆ ನನ್ನದೇ ಏರ್ಪಾಡು ಮಾಡಿಕೊಂಡೆ. ಮನೆಗೆ ಬಂದವರು ಒಂದು ಸಲ ಗಂಟಲು ಸರಿಮಾಡಿಕೊಂಡರೆ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಮಾಸ್ಕು ಹಾಕಿಕೊಂಡು ಪೇಪರು ಓದುತ್ತಿದ್ದೆ. ಒಂದು ಬೆಳಿಗ್ಗೆ ಎದ್ದ ಹತ್ತು ನಿಮಿಷಕ್ಕೆ ಸೀನು ಬಂತು. ಆಮೇಲೆ ಇನ್ನೊಂದು. ಗಂಟಲು ಕೆರೆಯಿತು, ಕಣ್ಣಲ್ಲಿ ನೀರು, ಎದೆಯಲ್ಲಿ ಉರಿ. ಮುಗಿಯಿತು ನನ್ನ ಕಥೆ ಎಂದುಕೊಂಡು ಹಾಸಿಗೆಯಲ್ಲಿ ಮಲಗಿ, ಹೆಂಡತಿಯನ್ನು ಕರೆದು, ಹಾಸನಕ್ಕೆ ಕಾರು ಹೇಳು ಎಂದೆ. ಅವಳು ಸೌಟು ಹಿಡಿದುಕೊಂಡೇ ಬಂದಳು. ಅವಳಿಗೂ ಸೀನು. ಒಳಗೆ ಸಾರಿನ ಪುಡಿಗೆ ಮೆಣಸಿನಕಾಯಿ ಹುರಿಯುತ್ತಿದ್ದಳು. ಕಿಟಕಿ ತೆರೆದು, ಹೊರಗೆ ಹೋಗಿ ಜಗಲಿಯಲ್ಲಿ ಕೂತ್ಕೊಳ್ಳಿ ಎಂದಳು. ಕೂತೆ.

ನಗುವ ಮಾತು ಅದು. ಆದರೆ ಹಾಸಿಗೆಯಲ್ಲಿ ಮಲಗಿದ್ದಷ್ಟು ಹೊತ್ತು ನಾನು ನಿಜವಾಗಿಯೂ ಹೆದರಿದ್ದೆ. ಚಳಿಗಾಲದ ಆ ಬೆಳಿಗ್ಗೆ ಎದೆ ಹಿಡಿದುಕೊಂಡದ್ದು ಹಾಗೇ ಕಣ್ಣ ಮುಂದೆ ಬಂದಿತ್ತು. ಜಗಲಿಯಲ್ಲಿ ಕೂತು, ಶ್ರಾವಣ ಮುಗಿದ ಮಾರನೇ ದಿನವೇ ಹೋಗಿ ಹಾಕಿಸಿಕೊಳ್ಳುತ್ತೇನೆ ಎಂದುಕೊಂಡೆ. ಇವತ್ತೇ ಎಂದುಕೊಳ್ಳಲಿಲ್ಲ ನೋಡಿ.

ಈ ನಡುವೆ ಅಕ್ಕ ಬರುವುದು ನಿಂತುಹೋಗಿತ್ತು. ಆಷಾಢದ ಕೊನೆಯಲ್ಲಿ ಬಂದು ಹೋದವಳು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಫೋನು ಮಾಡಿದರೆ ಮಂಡಿ ನೋವು ಎನ್ನುತ್ತಿದ್ದಳು. ಇನ್ನೊಂದು ಸಲ, ಕಾಯಿ ಸುಲಿಯುವವರು ಬಂದಿದ್ದಾರೆ, ಅಡುಗೆ ಜಾಸ್ತಿ ಎಂದಳು. ಮಾತು ಬೇಗ ಮುಗಿಸಿ, ಮಾತ್ರೆ ನುಂಗಿದ್ಯಾ ಎಂದು ಕೇಳಿ ಇಟ್ಟುಬಿಡುತ್ತಿದ್ದಳು. ನನಗೆ ಒಳಗೊಳಗೇ ಬೇಜಾರಾಯಿತು. ಹುಷಾರಾದ ಮೇಲೆ ನನ್ನನ್ನು ಯಾರು ಕೇಳುತ್ತಾರೆ ಎಂದು ಹೆಂಡತಿಯ ಮುಂದೆ ಎರಡು ಸಲ ಅಂದೆ. ಮೂರನೇ ಸಲ ಅನ್ನಲು ಅವಳು ಬಿಡಲಿಲ್ಲ. ಗೌರಿ ಹಬ್ಬಕ್ಕೆ ಬಂದೇ ಬರುತ್ತಾರೆ, ಸುಮ್ಮನಿರಿ ಎಂದಳು.

ಅದು ಸರಿ. ಗೌರಿ ಹಬ್ಬಕ್ಕೆ ಅಕ್ಕ ತಪ್ಪಿಸಿದ್ದೇ ಇಲ್ಲ. ಅಪ್ಪ ಅಮ್ಮ ಇಲ್ಲದ ಮೇಲೆ ಅವಳಿಗೆ ತವರು ಎಂದರೆ ನನ್ನ ಮನೆ. ಹಬ್ಬದ ಹಿಂದಿನ ದಿನ ನಾನು ಸೀರೆ, ಬಳೆ, ಅರಿಶಿನ ಕುಂಕುಮ ತೆಗೆದುಕೊಂಡು ಹೊಳೆನರಸೀಪುರಕ್ಕೆ ಹೋಗುವುದು, ಅವಳನ್ನು ಕರೆದುಕೊಂಡು ಬರುವುದು, ಗೌರಿ ಗಣೇಶ ಎರಡೂ ಮುಗಿಸಿ ಭಾವ ಬಂದು ಕರೆದುಕೊಂಡು ಹೋಗುವುದು. ಎಷ್ಟೋ ವರ್ಷಗಳಿಂದ ಇದೇ ಪದ್ಧತಿ. ಶ್ರಾವಣ ಮುಗಿದ ಮಾರನೇ ದಿನ ನಾನು ಸೂಜಿಗೆ ಹೋಗದೆ ಸೀರೆ ಅಂಗಡಿಗೆ ಹೋದೆ. ಹಬ್ಬ ಮುಗಿಯಲಿ, ಕೈ ನೋವಿಟ್ಟುಕೊಂಡು ತೋರಣ ಕಟ್ಟುವುದು ಹೇಗೆ ಎಂದು ನನಗೆ ನಾನೇ ಹೇಳಿಕೊಂಡೆ. ಹೆಂಡತಿಗೆ ಹೇಳುವ ಧೈರ್ಯ ಆಗಲಿಲ್ಲ.

ಹೊಳೆನರಸೀಪುರದಲ್ಲಿ ಅಕ್ಕನ ಮನೆಗೆ ಹೋದಾಗ ಅವಳ ಬ್ಯಾಗು ಆಗಲೇ ನಡುಮನೆಯ ಬೆಂಚಿನ ಮೇಲೆ ಸಿದ್ಧವಾಗಿತ್ತು. ಅವಳೂ ತಲೆಗೆ ಎಣ್ಣೆ ಹಚ್ಚಿ ಬಾಚಿ, ಹೂ ಮುಡಿದು ಕೂತಿದ್ದಳು. ನನ್ನನ್ನು ಕಂಡ ಕೂಡಲೇ ಎದ್ದು, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, ಬಣ್ಣ ಚೆನ್ನಾಗಿದೆ ಎಂದಳು. ಒಳಗಿನ ಕೋಣೆಯಲ್ಲಿ ಮೊಮ್ಮಕ್ಕಳು ಕೆಮ್ಮುವುದು ಕೇಳಿಸುತ್ತಿತ್ತು. ಸ್ಕೂಲಿನಿಂದ ಒಬ್ಬರಿಗೊಬ್ಬರು ಹಂಚಿಕೊಂಡು, ಎರಡು ತಿಂಗಳಿಂದ ಈ ಮನೆಯಲ್ಲಿ ಜ್ವರ ನೆಗಡಿ ಬಿಟ್ಟಿಲ್ಲ ಎಂದು ಭಾವ ಹೇಳಿದರು. ನಾನು ಜೇಬಿನಿಂದ ಮಾಸ್ಕು ತೆಗೆದೆ. ಅಕ್ಕ ನನ್ನ ಪಕ್ಕ ಬಂದು ಕೂತಳು.

"ನಿಂಗೆ ಯಾವ ತೋಳ್ಗೆ ಆಕುದ್ರು?" ಎಂದಳು. "ನಂಗೆ ಎಡಗೈಗೆ. ಎಲ್ಡ್ ದಿನ ನೋವಿತ್ತು, ಆಮ್ಯಾಕೆ ಏನೂ ಇಲ್ಲ ಕಣ."

ನನಗೆ ಮೊದಲು ಅರ್ಥವಾಗಲಿಲ್ಲ. ಏನನ್ನು ಎಂದು ಕೇಳಿದೆ. ನೆಗಡಿ ಜ್ವರದ ಸೂಜಿ ಎಂದಳು. ಹೃದಯದವರು ಹಾಕಿಸಿಕೊಳ್ಳಬೇಕೆಂದು ಹಾಸನದ ಡಾಕ್ಟರು ಹೇಳಿದ್ದನ್ನು ನನ್ನ ಹೆಂಡತಿ ಆಷಾಢದಲ್ಲಿ ಅವಳಿಗೆ ಹೇಳಿದ್ದಳಂತೆ. ಆಗಿನಿಂದ ಅವಳಿಗೆ ಒಂದೇ ಯೋಚನೆ, ಮನೆ ತುಂಬ ಕೆಮ್ಮುವ ಮಕ್ಕಳು, ಅವರನ್ನು ಪಕ್ಕದಲ್ಲಿ ಮಲಗಿಸಿಕೊಂಡು ಏಳುವವಳು ತಾನು, ಹಾಗೇ ಬಸ್ಸು ಹತ್ತಿ ನನ್ನ ಮನೆಗೆ ಬರುವುದು ಹೇಗೆಂದು. ಮಂಡಿ ನೋವೂ ಸುಳ್ಳು, ಕಾಯಿ ಸುಲಿಯುವವರೂ ಸುಳ್ಳು. ಕೊನೆಗೆ ಹತ್ತಿರದ ಡಾಕ್ಟರಮ್ಮನನ್ನು ಹೋಗಿ ಕೇಳಿದ್ದಾಳೆ. ಹೃದಯದ ತೊಂದರೆ ಇರುವವರ ಜೊತೆ ಓಡಾಡುವವರೂ ಹಾಕಿಸಿಕೊಂಡರೆ ಒಳ್ಳೆಯದು ಎಂದು ಅವರು ಹೇಳಿದ್ದಾರೆ. ಶ್ರಾವಣದ ಎರಡನೇ ಶನಿವಾರ ಹೋಗಿ ಹಾಕಿಸಿಕೊಂಡು ಬಂದಿದ್ದಾಳೆ.

ನಾನು ಇದ್ದ ಬುದ್ಧಿಯನ್ನೆಲ್ಲ ಕಳೆದುಕೊಂಡವನ ಹಾಗೆ, ಶ್ರಾವಣ ಶನಿವಾರ, ಅದರಲ್ಲಿ ಮೊಟ್ಟೆ ಇರುತ್ತದಂತಲ್ಲಕ್ಕ ಎಂದೆ.

"ಗೊತ್ತು ಕಣ್ಲಾ, ಕೇಳೇ ಆಕಿಸ್ಕಂಡೆ. ಮನೆ ದ್ಯಾವ್ರಿಗೆ ತಪ್ಪಾಯ್ತು ಅಂತ ಕೈ ಮುಗ್ದು ವೋದೆ. ನಾ ಇಲ್ಲಿಂದ ಜರ ಒತ್ಕಂಡು ಬಂದು ನಿನ್ನ ಮನೇಲಿ ಇಳುಸ್ಬುಟ್ರೆ, ನಿನ್ನ ಎದೆ ಇನ್ನೊಂದ್ ಕಿತ ತಡೀತದಾ?"

ಅಕ್ಕ ಇದನ್ನು ಬಹಳ ಮಾಮೂಲಿಯಾಗಿ, ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ ಹೇಳಿದಳು. ನನ್ನ ನೆಪಗಳ ವಿಷಯವನ್ನು ಹೆಂಡತಿ ಅವಳಿಗೆ ಬಿಟ್ಟುಕೊಟ್ಟಿರಲಿಲ್ಲ, ನಾನು ಹಾಕಿಸಿಕೊಂಡಿಲ್ಲದೆ ಇರಬಹುದು ಎಂಬ ಅನುಮಾನವೇ ಅವಳಿಗೆ ಇರಲಿಲ್ಲ. ಊರಿನ ದನಗಳಿಗೆಲ್ಲ ಸೂಜಿ ಹಾಕಿದ ತಮ್ಮ, ಡಾಕ್ಟರು ಹೇಳಿದ ದಿನವೇ ತೋಳು ಚಾಚಿರುತ್ತಾನೆ ಎಂದು ನಂಬಿಕೊಂಡಿದ್ದಳು. ಎಡತೋಳಿಗೇ ಹಾಕಿದರು ಎಂದು ಹೇಳಲು ನನ್ನ ಬಾಯಿ ಅರ್ಧ ತೆರೆಯಿತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಮುಖದ ಮುಂದೆ ನನಗೆ ಸುಳ್ಳು ಹೇಳಲು ಬರುವುದಿಲ್ಲ, ಚಿಕ್ಕಂದಿನಿಂದಲೂ ಬಂದಿಲ್ಲ.

"ನಾನು ಹಾಕಿಸ್ಕಂಡಿಲ್ಲಕ್ಕ," ಎಂದೆ.

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಅವಳು ಎದ್ದು ಚಪ್ಪಲಿ ಮೆಟ್ಟಿಕೊಂಡು, ನಡಿ ಎಂದಳು. ಅರವತ್ತು ದಾಟಿದ ನಾನು ಹಿಂದೆ, ಎಪ್ಪತ್ತು ದಾಟಿದ ಅವಳು ಮುಂದೆ, ಹಬ್ಬದ ಹೂವಿನ ವ್ಯಾಪಾರದ ನಡುವೆ ದಾರಿ ಮಾಡಿಕೊಂಡು ಹೋದೆವು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಈಗ ಜ್ವರ ಇದೆಯಾ, ಯಾವುದಾದರೂ ಔಷಧಿಗೆ ಮೈಯಲ್ಲಿ ಗುಳ್ಳೆ ಬಂದದ್ದಿದೆಯಾ ಎಂದೆಲ್ಲ ಕೇಳಿದರು. ನನ್ನಲ್ಲಿ ಕೊನೆಯದೊಂದು ನೆಪ ಉಳಿದಿತ್ತು. ರಕ್ತ ತೆಳುವಾಗುವ ಮಾತ್ರೆ ನುಂಗುತ್ತೇನೆ ಎಂದೆ. ತೊಂದರೆಯಿಲ್ಲ, ಸಣ್ಣ ಸೂಜಿ, ಆಮೇಲೆ ಹತ್ತಿ ಒತ್ತಿ ಸ್ವಲ್ಪ ಹೊತ್ತು ಹಿಡಿದುಕೊಂಡಿರಿ ಎಂದರು. ಅಕ್ಕ ನನ್ನ ಬಲಗೈ ಹಿಡಿದುಕೊಂಡಳು. ನಾನು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಇನ್ನೂ ಸಿದ್ಧನಾಗುತ್ತಿರುವಾಗಲೇ ಡಾಕ್ಟರಮ್ಮ, ಆಯ್ತು ಎಂದರು. ಕಣ್ಣು ಬಿಟ್ಟೆ. ನನ್ನ ಹಸುಗಳು ಇದಕ್ಕಿಂತ ದಪ್ಪ ಸೂಜಿಗೆ ಮೆಲುಕು ಹಾಕುವುದನ್ನೂ ನಿಲ್ಲಿಸುತ್ತಿರಲಿಲ್ಲ.

ಸ್ವಲ್ಪ ಹೊತ್ತು ಅಲ್ಲೇ ಕೂತಿರಿ ಎಂದು ಹೊರಗೆ ಬೆಂಚಿನಲ್ಲಿ ಕೂರಿಸಿದರು. ಅಕ್ಕ ಒಳಗೆ ಹೋಗಿ ಏನೋ ಕೇಳಿಕೊಂಡು ಬಂದಳು. ಈ ಲಸಿಕೆ ಮೈಯಲ್ಲಿ ಕೆಲಸಕ್ಕೆ ಬರಲು ಎರಡು ವಾರವಾದರೂ ಬೇಕಂತೆ. ಅದು ನನಗೂ ಗೊತ್ತಿದ್ದದ್ದೇ, ದನಗಳಿಗೂ ಅಷ್ಟು ದಿನ ಬೇಕು, ರೈತರಿಗೆ ಹೇಳಿ ಹೇಳಿ ನಾಲಿಗೆ ಸವೆದಿತ್ತು. ಅಕ್ಕ ಅದನ್ನು ಯಾಕೆ ಕೇಳಿಕೊಂಡು ಬಂದಳೆಂದು ಮಾತ್ರ ನನಗೆ ಹೊಳೆಯಲಿಲ್ಲ.

ಮನೆಗೆ ಬಂದು ನಾನು ಬೆಂಚಿನ ಮೇಲಿನ ಬ್ಯಾಗು ಎತ್ತಿಕೊಂಡೆ. ಅಕ್ಕ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. ಈ ಸಲ ಬರುವುದಿಲ್ಲ ಎಂದಳು. ರಾತ್ರಿಯೆಲ್ಲ ಕೆಮ್ಮಿದ ಮಗು ತನ್ನ ಮಗ್ಗುಲಲ್ಲೇ ಮಲಗಿತ್ತು, ಮೈಯಲ್ಲಿ ಏನಿದೆಯೋ, ಸೂಜಿ ಹಾಕಿದ ಮಾತ್ರಕ್ಕೆ ಏನೂ ಬರುವುದೇ ಇಲ್ಲವೆಂದು ಡಾಕ್ಟರಮ್ಮನೂ ಹೇಳಿಲ್ಲ, ನನಗೆ ಹಾಕಿದ ಲಸಿಕೆ ಮೈಗೆ ಹಿಡಿಯುವ ತನಕ ತಾನು ಬರುವುದಿಲ್ಲ ಎಂದಳು. ನಾನು ಬಿಡಲಿಲ್ಲ. ಮಾಸ್ಕು ಹಾಕಿಕೊಂಡು ಬಾ ಎಂದೆ, ನಾನು ಬೇರೆ ಕೋಣೆಯಲ್ಲಿ ಇರುತ್ತೇನೆ ಎಂದೆ, ಇಷ್ಟು ವರ್ಷದಲ್ಲಿ ಒಂದು ಗೌರಿ ಹಬ್ಬಕ್ಕೂ ನೀನು ಇಲ್ಲದೆ ಇದ್ದದ್ದಿಲ್ಲ ಎಂದೆ. ಅವಳು ಬ್ಯಾಗಿನಿಂದ ನನಗೆಂದು ಇಟ್ಟಿದ್ದ ಚಕ್ಕುಲಿಯ ಡಬ್ಬ ತೆಗೆದು ನನ್ನ ಚೀಲದೊಳಗೆ ಇಟ್ಟಳು. ಉಪ್ಪು ಕಮ್ಮಿ ಹಾಕಿದ್ದೇನೆ, ಆದರೂ ಒಂದೇ ತಿನ್ನು ಎಂದಳು. ನಾನು ತಂದಿದ್ದ ಸೀರೆಯನ್ನು ಕಣ್ಣಿಗೆ ಒತ್ತಿಕೊಂಡಳು.

"ಗೌರಿ ಮುಂದ್ಲ ವರ್ಸಾನೂ ಬತ್ತಾಳೆ ಕಣಪ್ಪ. ನೀನಿರು, ಅಷ್ಟೇ."

ಬಸ್ ಸ್ಟ್ಯಾಂಡಿನ ತನಕ ಬಂದಳು, ನನ್ನಿಂದ ನಾಲ್ಕು ಮಾರು ದೂರ ನಡೆದುಕೊಂಡು. ಬಸ್ಸು ಹೊರಟಾಗ ಸೆರಗನ್ನು ಮೂಗಿಗೆ ಹಿಡಿದುಕೊಂಡು ನಿಂತಿದ್ದಳು, ಹತ್ತಿರ ಬರಲಿಲ್ಲ. ಹಬ್ಬಕ್ಕೆ ಊರಿಗೆ ಹೋಗುವವರಿಂದ ಬಸ್ಸು ತುಂಬಿತ್ತು. ಊರು ದಾಟುವಷ್ಟರಲ್ಲಿ ನನಗೆ ತಡೆಯಲಾಗದೆ ಅಳು ಬಂತು, ಮಾಸ್ಕಿನೊಳಗೇ ಅತ್ತೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಗಾಬರಿಯಾಗಿ ಏನಾಯಿತು ಎಂದು ಕೇಳಿದರು. ಸೂಜಿ ಹಾಕಿಸಿಕೊಂಡೆ, ತೋಳು ನೋಯುತ್ತಿದೆ ಎಂದೆ. ಆಕೆ ಅದನ್ನು ನಂಬಿ, ನನ್ನ ತೋಳಿಗೆ ತಾಗದ ಹಾಗೆ ಸರಿದು ಕೂತರು.